ಗುಳ್ಳೆ ಯಾವುದು, ಕೋಶ ಯಾವುದು

ಮೈಕ್ರೋಸ್ಕೋಪಿನಲ್ಲಿ ನಾನು ಮೊಟ್ಟಮೊದಲು ನೋಡಿದ್ದು ನನ್ನದೇ ರೆಪ್ಪೆಕೂದಲು. ಅದು ಆಗ ನನಗೆ ಗೊತ್ತಿರಲಿಲ್ಲ. ಬೆಳಕಿನ ವೃತ್ತದೊಳಗೆ ಕಪ್ಪಗೆ, ಬಾಗಿಕೊಂಡು, ತುದಿ ಚೂಪಾಗಿ ಏನೋ ಬಂದು ಬಂದು ಹೋಗುತ್ತಿತ್ತು. "ಸಾರ್, ಹುಳ ಇದೆ" ಅಂದೆ. ಮೇಷ್ಟ್ರು ನಗಲಿಲ್ಲ. "ಒಂದು ಸಲ ಕಣ್ಣು ಮುಚ್ಚಿ ಬಿಡು" ಅಂದರು. ಮುಚ್ಚಿ ಬಿಟ್ಟೆ. ಹುಳವೂ ಮೇಲೆ ಹೋಗಿ ಕೆಳಗೆ ಬಂತು. "ಸ್ವಲ್ಪ ಹಿಂದಕ್ಕೆ ಬಾ, ಕಣ್ಣನ್ನ ಗಾಜಿಗೆ ಅಂಟಿಸಬೇಡ. ಈಗ ನೋಡು."

ಇದು 1991ರ ಮಾತು. ನಾನು ಒಂಬತ್ತನೇ ತರಗತಿ. ಶಿಡ್ಲಘಟ್ಟ ತಾಲ್ಲೂಕಿನ ಒಂದು ಹಳ್ಳಿ. ಚಿಕ್ಕಬಳ್ಳಾಪುರ ಜಿಲ್ಲೆಯಾದದ್ದು 2007ರಲ್ಲಿ, ಆಗ ನಾವೆಲ್ಲ ಕೋಲಾರ ಜಿಲ್ಲೆಯವರು. ಮನೆಯಲ್ಲಿ ಅರ್ಧ ತೆಲುಗು, ಅರ್ಧ ಕನ್ನಡ. ಊರಲ್ಲಿ ಮುಕ್ಕಾಲು ಮನೆಗಳಲ್ಲಿ ರೇಷ್ಮೆ ಹುಳು.

ನಮ್ಮ ಹೈಸ್ಕೂಲಿನಲ್ಲಿ ಮೈಕ್ರೋಸ್ಕೋಪು ಬಹಳ ವರ್ಷದಿಂದ ಇತ್ತು. ಹೆಡ್‌ಮಾಸ್ಟರ ರೂಮಿನ ಬೀರುವಿನಲ್ಲಿ, ಮರದ ಪೆಟ್ಟಿಗೆಯೊಳಗೆ, ಹಿತ್ತಾಳೆ ಚಿಲಕದ ಹಿಂದೆ. ಇನ್‌ಸ್ಪೆಕ್ಷನ್ ದಿನ ಅದು ಹೊರಗೆ ಬಂದು ಟೇಬಲ್ ಮೇಲೆ ಗಿಂಡಿಯ ಹಾಗೆ ನಿಂತಿರುತ್ತಿತ್ತು, ಸಂಜೆ ಮತ್ತೆ ಒಳಗೆ. ಮಕ್ಕಳು ಮುಟ್ಟಿದರೆ ಹಾಳಾಗುತ್ತೆ, ಒಡೆದರೆ ದುಡ್ಡು ಯಾರು ಕಟ್ಟಿಕೊಡ್ತಾರೆ ಅನ್ನುವುದು ದೊಡ್ಡವರ ಮಾತು. ಹೊಸದಾಗಿ ಬಂದ ವಿಜ್ಞಾನದ ಮೇಷ್ಟ್ರು ಪೆಟ್ಟಿಗೆ ತೆಗೆಸಿ ನೋಡಿದರೆ, ಲೆನ್ಸಿನ ಮೇಲೆ ಜೇಡರ ಬಲೆಯ ಹಾಗೆ ಬೂಸ್ಟು ಬೆಳೆದಿತ್ತು. ಕತ್ತಲೆ ಮತ್ತು ತೇವ ಸಿಕ್ಕರೆ ಗಾಜಿನ ಮೇಲೂ ಬೂಸ್ಟು ಬೆಳೆಯುತ್ತದೆ. ಯಾರೂ ಮುಟ್ಟಬಾರದೆಂದು ಇಟ್ಟ ವಸ್ತು ಯಾರೂ ಮುಟ್ಟದೆಯೇ ಹಾಳಾಗಿತ್ತು. ನನಗಿಂತ ಮುಂಚೆ ಆ ಶಾಲೆಯಲ್ಲಿ ಓದಿದ ಎಷ್ಟು ಬ್ಯಾಚಿನ ಮಕ್ಕಳು ಒಂದು ಸಲವೂ ಅದರೊಳಗೆ ಕಣ್ಣಿಡದೆ ಹತ್ತನೇ ತರಗತಿ ಮುಗಿಸಿ ಹೋದರು ಅಂತ ನೆನೆದರೆ ನನಗೆ ಇವತ್ತಿಗೂ ಹೊಟ್ಟೆ ಉರಿಯುತ್ತದೆ.

ಮೇಷ್ಟ್ರು ಬಸವನಗುಡಿಯ ನ್ಯಾಷನಲ್ ಕಾಲೇಜಿನಲ್ಲಿ ಓದಿದವರು. ಎಚ್. ನರಸಿಂಹಯ್ಯನವರು 1962ರಲ್ಲಿ ಶುರು ಮಾಡಿದ ಬೆಂಗಳೂರು ಸೈನ್ಸ್ ಫೋರಂನ ಉಪನ್ಯಾಸಗಳನ್ನು ಕೇಳಿ ಬೆಳೆದವರು. ನರಸಿಂಹಯ್ಯನವರು ನಮ್ಮ ಕಡೆಯವರೇ, ಗೌರಿಬಿದನೂರಿನ ಹತ್ತಿರದ ಹೊಸೂರಿನವರು ಎಂದು ಮೇಷ್ಟ್ರು ಹೇಳುವಾಗ ಅವರ ದನಿಯಲ್ಲಿ ಒಂದು ಹೆಮ್ಮೆ ಇರುತ್ತಿತ್ತು. ಅವರು ಹಳೇ ಪಂಚೆಯ ತುಂಡಿಗೆ ಸ್ಪಿರಿಟ್ ತಾಗಿಸಿಕೊಂಡು ಎರಡು ದಿನ ಆ ಲೆನ್ಸುಗಳನ್ನು ಒರೆಸಿದರು. ಮೂರನೇ ದಿನ ಕಿಟಕಿ ಪಕ್ಕ ಟೇಬಲ್ ಹಾಕಿಸಿ, ನಲವತ್ತು ಮಕ್ಕಳನ್ನು ಸಾಲಾಗಿ ನಿಲ್ಲಿಸಿದರು.

ಮೊದಲ ಪಾಠ ಜೀವಕೋಶದ್ದಲ್ಲ. ಹಳೇ ಪಂಚಾಂಗದಿಂದ ಕತ್ತರಿಸಿದ ಒಂದು ಸಣ್ಣಕ್ಷರದ್ದು. ನನ್ನ ಪಾಲಿಗೆ ಬಂದದ್ದು 'ರ'. ಕೆಳಗಿನ ಕನ್ನಡಿಯನ್ನು ಆಕಾಶದ ಕಡೆ ತಿರುಗಿಸಬೇಕು, ಸೂರ್ಯನ ಕಡೆ ಅಲ್ಲವೇ ಅಲ್ಲ, ಕಣ್ಣು ಹೋಗುತ್ತದೆ. ವೃತ್ತವೆಲ್ಲ ಒಂದೇ ಸಮ ಬೆಳ್ಳಗಾಗುವ ತನಕ ಕನ್ನಡಿಯನ್ನು ಇಷ್ಟಿಷ್ಟೇ ಆಡಿಸಬೇಕು. ಆಮೇಲೆ ತಲೆ ಪಕ್ಕಕ್ಕೆ ಇಟ್ಟು, ಹೊರಗಿನಿಂದ ನೋಡುತ್ತಾ, ಚಿಕ್ಕ ಲೆನ್ಸನ್ನು ಗಾಜಿನ ಸಮೀಪಕ್ಕೆ ಇಳಿಸಬೇಕು. ಆಮೇಲೆಯೇ ಮೇಲಿನಿಂದ ಕಣ್ಣಿಟ್ಟು, ದೊಡ್ಡ ತಿರುಪನ್ನು ಮೆಲ್ಲಗೆ ತಿರುಗಿಸಿ ಲೆನ್ಸನ್ನು ಮೇಲಕ್ಕೆ ಎತ್ತಬೇಕು. ನೋಡುತ್ತಾ ಇಳಿಸಬಾರದು, ನೋಡುತ್ತಾ ಎತ್ತಬೇಕು. ಇದನ್ನು ಮೇಷ್ಟ್ರು ನಮ್ಮಿಂದ ಮಗ್ಗಿಯ ಹಾಗೆ ಹೇಳಿಸಿದ್ದರು. ಹೇಳಿಸಿಯೂ ಒಬ್ಬ ಹುಡುಗ ಕಣ್ಣಿಟ್ಟುಕೊಂಡೇ ಇಳಿಸಿದ. ಕಟಕ್ ಅಂತ ಸದ್ದು. ಇಡೀ ಸಾಲು ಉಸಿರು ಹಿಡಿದು ನಿಂತಿತು, ಬೆತ್ತ ಎಲ್ಲಿದೆ ಅಂತ ಎಲ್ಲರೂ ನೋಡಿದೆವು. ಮೇಷ್ಟ್ರು ಒಡೆದ ಗಾಜನ್ನು ತೆಗೆದು ಕಾಗದದಲ್ಲಿ ಸುತ್ತಿ, ಇನ್ನೊಂದು ಇಟ್ಟರು. "ಇದು ಒಡೆಯೋಕೇ ಇರೋ ಗಾಜು ಕಣೋ. ಲೆನ್ಸ್ ಒಡೆದಿಲ್ಲ ಅಲ್ವಾ? ಇನ್ನೊಂದು ಸಲ ಮಾಡು, ಈಗ ನಿನಗೆ ಗೊತ್ತಾಗಿದೆ."

ನನ್ನ ಸರದಿ ಬಂತು. ಮೊದಲು ಮಸಕು, ಆಮೇಲೆ ಮಂಜು ಸರಿದ ಹಾಗೆ ಆಗಿ ಅಕ್ಷರ ಬಂತು. ತಲಕಟ್ಟು ಕೆಳಗಿತ್ತು. 'ರ' ಬುಡಮೇಲಾಗಿ ಮಲಗಿತ್ತು. ಅಚ್ಚಿನ ಮಸಿ ಒಂದೇ ಸಮ ಇರಲಿಲ್ಲ, ಕೆರೆ ಒಣಗಿದಾಗ ಬಿರಿದ ಮಣ್ಣಿನ ಹಾಗೆ ಅಲ್ಲಲ್ಲಿ ಬಿಟ್ಟುಕೊಂಡಿತ್ತು, ಕಾಗದವೆಂಬುದು ಮೆದೆಯಿಂದ ಎಳೆದು ಹರಡಿದ ಹುಲ್ಲಿನ ಹಾಗಿತ್ತು. ಅಕ್ಷರ ಅಂಚಿಗೆ ಜಾರಿದೆ ಎಂದು ಗಾಜನ್ನು ಬಲಕ್ಕೆ ತಳ್ಳಿದೆ, ಅಕ್ಷರ ಇನ್ನೂ ಎಡಕ್ಕೆ ಓಡಿತು. ಮೈಕ್ರೋಸ್ಕೋಪಿನಲ್ಲಿ ತಲೆಕೆಳಗಾಗುವುದಷ್ಟೇ ಅಲ್ಲ, ಎಡಬಲವೂ ಅದಲುಬದಲಾಗುತ್ತದೆ. ಪುಸ್ತಕದಲ್ಲಿ ಅದು ಒಂದು ಸಾಲು. ಬೆರಳಿಗೆ ಅದು ತಿಳಿಯಲು ನನಗೆ ಒಂದು ವಾರ ಹಿಡಿಯಿತು. ಈಗ ಯೋಚಿಸದೆಯೇ ಕೈ ಉಲ್ಟಾ ಹೋಗುತ್ತದೆ.

ಆಮೇಲೆ ಈರುಳ್ಳಿ. ತೊಳೆಯನ್ನು ಮುರಿದಾಗ ಅದರ ಒಳಮೈಯಲ್ಲಿ, ಗುಳಿಯ ಕಡೆ, ಒಂದು ಪೊರೆ ಎದ್ದು ಬರುತ್ತದೆ. ಅದನ್ನು ಚಿಮಟದಲ್ಲಿ ಎಳೆದರೆ ಒದ್ದೆ ಜಿಲೇಟಿನ್ ಕಾಗದದ ಹಾಗೆ ಬಿಚ್ಚಿಕೊಳ್ಳುತ್ತದೆ. ಅದನ್ನು ಮಡಿಕೆ ಬೀಳದಂತೆ ನೀರಿನ ಹನಿಯ ಮೇಲೆ ಹಾಸಬೇಕು. ಆಸ್ಪತ್ರೆಯಿಂದ ತಂದ ಟಿಂಚರ್ ಅಯೋಡಿನ್‌ಗೆ ನೀರು ಬೆರೆಸಿ ಒಂದು ತೊಟ್ಟು ಬಿಡಬೇಕು. ಮೇಲಿನ ತೆಳು ಗಾಜನ್ನು ಒಂದು ಅಂಚು ಊರಿ, ಇನ್ನೊಂದು ಅಂಚನ್ನು ಸೂಜಿಯ ಮೇಲೆ ಆನಿಸಿ, ಮೆಲ್ಲಗೆ ಓರೆಯಾಗಿ ಇಳಿಸಬೇಕು. ಧೊಪ್ಪನೆ ಬಿಟ್ಟರೆ ಗಾಳಿ ಸಿಕ್ಕಿಹಾಕಿಕೊಳ್ಳುತ್ತದೆ. ನಾನು ಧೊಪ್ಪನೆಯೇ ಬಿಟ್ಟಿದ್ದೆ.

ಚಿತ್ರ ಬರೆಯಿರಿ ಅಂದರು. ನಲವತ್ತು ಜನರೂ ಇಟ್ಟಿಗೆ ಗೋಡೆ ಬರೆದೆವು. ಪಠ್ಯಪುಸ್ತಕದಲ್ಲಿ ಹಾಗಿತ್ತು, ಸಾಲು ಸಾಲಾಗಿ, ಪ್ರತಿ ಇಟ್ಟಿಗೆಯ ನಡುವೆ ಒಂದೊಂದು ಚುಕ್ಕಿ. ನಾನು ಅದರ ಮೇಲೆ, ಕಣ್ಣಿಗೆ ಕಂಡದ್ದನ್ನೂ ಬಿಡಬಾರದೆಂದು, ದಪ್ಪ ಅಂಚಿನ ಒಂದು ದುಂಡನೆಯ ಆಕಾರ ಬರೆದು 'ಜೀವಕೋಶ' ಎಂದು ಗುರುತು ಹಾಕಿದ್ದೆ. ಮೇಷ್ಟ್ರು ಪುಸ್ತಕ ತೆಗೆದುಕೊಂಡು, ರಬ್ಬರಿನಿಂದ ಅಳಿಸಿದರು. ಎಲ್ಲರದ್ದೂ ಅಳಿಸಿದರು. "ಪುಸ್ತಕದ ಚಿತ್ರ ಪುಸ್ತಕದಲ್ಲಿ ಇದೆ, ಅದನ್ನ ಯಾಕೆ ಇನ್ನೊಂದು ಸಲ ಬರೀತೀರಿ? ನಿಮಗೆ ಕಂಡದ್ದು ಬರೀರಿ. ಏನೂ ಕಾಣದಿದ್ದರೆ ಬರೀ ವೃತ್ತ ಬರೆದು, ಏನೂ ಕಾಣಲಿಲ್ಲ ಅಂತ ಬರೀರಿ. ಅದಕ್ಕೂ ನಂಬರ್ ಕೊಡ್ತೀನಿ."

ಆಮೇಲೆ ನನ್ನ ಪಕ್ಕ ನಿಂತು ಆ ದುಂಡನೆಯದನ್ನು ತೋರಿಸಿದರು. ಸೂಜಿಯ ತುದಿಯಿಂದ ಗಾಜನ್ನು ಹಗುರಾಗಿ ಒತ್ತಿದರು, ದುಂಡು ನುಣುಚಿಕೊಂಡು ಅತ್ತ ಸರಿಯಿತು. ಕೋಶಗಳು ಎಲ್ಲಿದ್ದವೋ ಅಲ್ಲೇ ಇದ್ದವು. ಚಿಕ್ಕ ತಿರುಪನ್ನು ತುಸುವೇ ಆಡಿಸಿದರು, ದುಂಡಿನ ಕಪ್ಪು ಅಂಚು ದಪ್ಪವಾಯಿತು, ಸಣ್ಣಗಾಯಿತು. "ಇದು ಗಾಳಿ. ಎದ್ದು ಕಾಣೋದು ಇದೇ. ಕೋಶ ಇಷ್ಟು ಜೋರಾಗಿ ಕಾಣಲ್ಲ, ಅದಕ್ಕೆ ಕಾಯಬೇಕು." ಕಾದೆ. ಗುಳ್ಳೆಯ ಹಿಂದೆ ಉದ್ದುದ್ದನೆಯ, ಒಂದಕ್ಕೊಂದು ಒತ್ತಿ ನಿಂತ, ಎಲ್ಲೂ ಇಟ್ಟಿಗೆಯಷ್ಟು ನೇರವಿಲ್ಲದ ಕೋಣೆಗಳು ಕಂಡವು. ಒಂದೊಂದರಲ್ಲಿ ಅಯೋಡಿನ್ ಕುಡಿದು ಹಳದಿಗಂದಾದ ಒಂದು ಬೀಜ, ಅಂದರೆ ಕೋಶಕೇಂದ್ರ. ಕೆಲವು ಬೀಜ ನಡುವೆ ಇರಲಿಲ್ಲ, ಗೋಡೆಗೆ ಒರಗಿದ್ದವು. ಪುಸ್ತಕ ಅದನ್ನು ಹೇಳಿರಲಿಲ್ಲ.

ಕೋಶ ಅನ್ನುವ ಮಾತಿನ ಬಗ್ಗೆ ಇಲ್ಲಿ ಒಂದು ವಿಷಯ ಹೇಳಲೇಬೇಕು. ಇಂಗ್ಲೆಂಡಿನ ರಾಬರ್ಟ್ ಹುಕ್ 1665ರಲ್ಲಿ ಬೆಂಡಿನ ತೆಳು ಹೋಳನ್ನು ನೋಡಿ, ಅದರ ಗೂಡುಗೂಡಿನ ರಚನೆಗೆ ಅವರ ಭಾಷೆಯಲ್ಲಿ ಸಣ್ಣ ಕೋಣೆ ಎಂದು ಹೆಸರಿಟ್ಟ. ಅದೇ ಪುಸ್ತಕದಲ್ಲಿ ಅವನು ರೇಷ್ಮೆ ಬಟ್ಟೆಯನ್ನೂ ಮೈಕ್ರೋಸ್ಕೋಪಿನಡಿ ಇಟ್ಟು ನೋಡಿ ಬರೆದಿದ್ದಾನೆ. ನಮ್ಮಲ್ಲಿ ಆ ಕೋಣೆಗೆ ಕೋಶ ಅಂದೆವು. ಸಂಸ್ಕೃತದಲ್ಲಿ ಕೋಶವೆಂದರೆ ರೇಷ್ಮೆಯ ಗೂಡೂ ಹೌದು, ಅದರಿಂದ ಹುಟ್ಟಿದ ಬಟ್ಟೆ ಕೌಶೇಯ. ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಯಲ್ಲಿ ಹರಾಜಿಗೆ ಸುರಿದ ಬೆಳ್ಳನೆಯ, ಹಳದಿಯ ರಾಶಿಗಳ ನಡುವೆ ಅಪ್ಪನ ಕೈ ಹಿಡಿದು ನಡೆದ ನನಗೆ, ನಮ್ಮ ಮನೆಯ ಗೂಡೂ ಪಾಠದ ಜೀವಕೋಶವೂ ಒಂದೇ ಮಾತಿನೊಳಗೆ ಇವೆ ಎಂದು ತಿಳಿದಾಗ ಆದ ಖುಷಿ ಸಣ್ಣದಲ್ಲ.

ಮರುವಾರ ಮನೆಯಿಂದ ಒಂದು ಗೂಡು ತಂದು, ಅದರ ಮೇಲಿನ ಸಿಕ್ಕು ನೂಲಿನಿಂದ ಒಂದೆಳೆ ಬಿಡಿಸಿ ಇಟ್ಟೆವು. ಕಣ್ಣಿಗೆ ಒಂದೆಳೆ. ಮೈಕ್ರೋಸ್ಕೋಪಿನಲ್ಲಿ ಎರಡು. ಹುಳುವಿನ ಮೈಯಲ್ಲಿ ರೇಷ್ಮೆಯ ಗ್ರಂಥಿಗಳು ಎರಡಿವೆ, ಎರಡರಿಂದ ಬಂದ ಎಳೆಗಳು ಬಾಯ ಹತ್ತಿರ ಕೂಡಿ, ಅಂಟು ಬಳಿದುಕೊಂಡು ಒಂದಾಗಿ ಹೊರಬರುತ್ತವೆ. ಆ ಅಂಟನ್ನು ಬಿಡಿಸಲೆಂದೇ ನೂಲು ತೆಗೆಯುವ ರೀಲರುಗಳು ಗೂಡನ್ನು ಬಿಸಿನೀರಿಗೆ ಹಾಕುವುದು. ಆ ವಾಸನೆಯಲ್ಲೇ ಬೆಳೆದ ನಮಗೆ ಯಾಕೆ ಬೇಯಿಸುತ್ತಾರೆ ಎಂದು ಯಾರೂ ಹೇಳಿರಲಿಲ್ಲ, ನಾವೂ ಕೇಳಿರಲಿಲ್ಲ.

ಆ ವರ್ಷ ನಮ್ಮ ಮನೆಯಲ್ಲಿ ಬೆಳೆ ಹೋಯಿತು.

150 ಮೊಟ್ಟೆ ಚಾಕಿ ಕಟ್ಟಿದ್ದೆವು, ಅಂದರೆ ಮರಿ ಹುಳು ಸಾಕಲು ಹಿಡಿದಿದ್ದೆವು. ಗೊತ್ತಿಲ್ಲದವರಿಗೆ ಹೇಳುತ್ತೇನೆ, ನಮ್ಮ ಕಡೆ ಒಂದು ಮೊಟ್ಟೆ ಅಂದರೆ ಒಂದು ಚಿಟ್ಟೆ ಇಟ್ಟ ಅಷ್ಟೂ ಮೊಟ್ಟೆ. ನಾನೂರರ ಲೆಕ್ಕ ಹಿಡಿದರೂ 60,000 ಹುಳು. ಎರಡನೇ ಜ್ವರದಿಂದಲೇ, ಅಂದರೆ ಹುಳು ಮೇವು ಬಿಟ್ಟು ಪೊರೆ ಕಳಚುವ ಹೊತ್ತಿನಿಂದಲೇ, ಲಕ್ಷಣ ಸರಿಯಿರಲಿಲ್ಲ. ಹುಳು ಒಟ್ಟಿಗೆ ಜ್ವರಕ್ಕೆ ಕೂರಬೇಕು, ಒಟ್ಟಿಗೆ ಏಳಬೇಕು. ಇವು ಕೆಲವು ಎದ್ದವು, ಕೆಲವು ಕೂತೇ ಇದ್ದವು. ಒಂದೇ ತಟ್ಟೆಯಲ್ಲಿ ಕಿರುಬೆರಳುದ್ದದವೂ ಅಕ್ಕಿಕಾಳಿನಂಥವೂ. ಸೊಪ್ಪು ಹಾಕಿದರೆ ಹಾಗೇ ಬಿದ್ದಿರುತ್ತಿತ್ತು. ಆರೋಗ್ಯದ ಹುಳು ಕೊನೆಯ ಹಂತದಲ್ಲಿ ಸೊಪ್ಪು ಮೇಯುವಾಗ ಹುಳು ಮನೆಯಲ್ಲಿ ಸೋನೆಮಳೆಯ ಸದ್ದು ಇರುತ್ತದೆ. ಆ ಸಲ ಒಳಗೆ ಹೋದರೆ ಸದ್ದೇ ಇರಲಿಲ್ಲ. ಅಪ್ಪ ಬಾಗಿಲ ಬಳಿ ನಿಂತು ಕಿವಿಗೊಡುತ್ತಿದ್ದುದು ನನಗೆ ಇವತ್ತೂ ಕಣ್ಣಿಗೆ ಕಟ್ಟಿದ ಹಾಗಿದೆ. ಕೊನೆಗೆ ಚಂದ್ರಿಕೆ, ಅಂದರೆ ಗೂಡು ಕಟ್ಟುವ ಬಿದಿರಿನ ತಟ್ಟಿ, ಹತ್ತಿದ್ದು ಎಣಿಸಿ ಒಂದು ಮೊರದಷ್ಟು. ಉಳಿದದ್ದನ್ನು ಗುಂಡಿ ತೋಡಿ ಮುಚ್ಚಿದರು.

ಅಜ್ಜಿ ಅಮ್ಮನ ಕಡೆ ಬೆರಳು ತೋರಿಸಿದಳು. ಹೊರಗಾದ ದಿನ ಅಮ್ಮ ಹುಳು ಮನೆಯ ಹೊಸ್ತಿಲು ದಾಟಿದ್ದಾಳೆ, ಅದಕ್ಕೇ ಹೀಗಾಯಿತು ಎಂದಳು. ಅಮ್ಮ ದಾಟಿರಲಿಲ್ಲ. "ಇಲ್ಲ ಅತ್ತೆ, ನಾನು ಹೋಗಿಲ್ಲ" ಎಂದು ಒಂದು ಸಲ ಅಂದಳು, ಮತ್ತೆ ಅನ್ನಲಿಲ್ಲ. ಸಾಲ ಮಾಡಿ ಹಿಡಿಸಿದ ಬೆಳೆ. ಮನೆಯಲ್ಲಿ ಹದಿನೈದು ದಿನ ಯಾರೂ ಗಟ್ಟಿಯಾಗಿ ಮಾತಾಡಲಿಲ್ಲ.

ನಾನು ಒಂದು ಸತ್ತ ಹುಳುವನ್ನು ಬೆಂಕಿಪೊಟ್ಟಣದಲ್ಲಿ ಹಾಕಿಕೊಂಡು ಮೇಷ್ಟ್ರ ಹತ್ತಿರ ಹೋದೆ. ಅವರು ಅದನ್ನು ನೀರಿನಲ್ಲಿ ಅರೆದು, ಒಂದು ತೊಟ್ಟನ್ನು ದೊಡ್ಡ ಲೆನ್ಸಿನಡಿ ಇಟ್ಟು ಬಹಳ ಹೊತ್ತು ನೋಡಿದರು. ಕಣ್ಣಿನದು 10, ಕೆಳಗಿನದು 45, ಒಟ್ಟು 450 ಪಟ್ಟು. ಆಮೇಲೆ ನನಗೆ ಕೊಟ್ಟರು. ಕಾಳುಕಾಳಾಗಿ ಹೊಳೆಯುವ ಏನೇನೋ ಇತ್ತು. "ಇದರಲ್ಲಿ ಕೊಬ್ಬು ಯಾವುದು, ರೋಗ ಯಾವುದು ನನಗೆ ಗೊತ್ತಿಲ್ಲಮ್ಮ. ಗೊತ್ತಿರೋರ ಹತ್ತಿರ ಹೋಗೋಣ" ಅಂದರು. ಗೊತ್ತಿಲ್ಲ ಎಂಬ ಮಾತನ್ನು ಅಲ್ಲಿಯವರೆಗೆ ನಾನು ಯಾವ ಮೇಷ್ಟ್ರ ಬಾಯಿಂದಲೂ ಕೇಳಿರಲಿಲ್ಲ.

ಶನಿವಾರ ಮಧ್ಯಾಹ್ನ ಶಾಲೆ ಬಿಟ್ಟ ಮೇಲೆ ಅಪ್ಪ, ಅಮ್ಮ, ನಾನು, ಮೇಷ್ಟ್ರು ಬಸ್ಸು ಹತ್ತಿ, ರೇಷ್ಮೆ ಮೊಟ್ಟೆ ತಯಾರಿಸುವ ಒಂದು ಬಿತ್ತನೆ ಕೋಠಿಗೆ ಹೋದೆವು. ಅಲ್ಲಿ ಉದ್ದನೆಯ ಮೇಜಿನ ಮುಂದೆ ಹೆಂಗಸರು ಸಾಲಾಗಿ ಕೂತು, ಒಬ್ಬೊಬ್ಬರ ಮುಂದೆ ಒಂದೊಂದು ಮೈಕ್ರೋಸ್ಕೋಪು! ನಮ್ಮ ಶಾಲೆಯಲ್ಲಿ ಬೀಗ ಹಾಕಿಟ್ಟ ವಸ್ತು ಅಲ್ಲಿ ರಾಗಿ ಕಲ್ಲಿನಷ್ಟೇ ಸಲೀಸಾಗಿ ಕೆಲಸ ಮಾಡುತ್ತಿತ್ತು. ಮೊಟ್ಟೆಯಿಟ್ಟು ಮುಗಿಸಿದ ತಾಯಿ ಚಿಟ್ಟೆಯನ್ನು ಪುಟ್ಟ ಕಲ್ಲಿನಲ್ಲಿ ಅರೆಯುತ್ತಾರೆ, ಕೊಬ್ಬು ಕರಗಲೆಂದು ತೆಳು ಪೊಟ್ಯಾಷ್ ದ್ರಾವಣ ಹಾಕುತ್ತಾರೆ, 600 ಪಟ್ಟು ದೊಡ್ಡದು ಮಾಡಿ ನೋಡುತ್ತಾರೆ. ರೋಗ ಕಂಡರೆ ಆ ಚಿಟ್ಟೆಯ ಮೊಟ್ಟೆಯನ್ನು ಸುಡುತ್ತಾರೆ. ಅಲ್ಲಿದ್ದ ಒಬ್ಬ ಅಕ್ಕ ನಮ್ಮ ಹುಳುವನ್ನು ಅರೆದು, ಇಟ್ಟು, ಅರ್ಧ ನಿಮಿಷವೂ ಆಗಿರಲಿಲ್ಲ, "ಗಂಟು ರೋಗ" ಅಂದಳು. "ಬಾ ಪುಟ್ಟಿ, ನೋಡು. ದುಂಡಗಿರೋದು ಕೊಬ್ಬು, ಬಿಡು. ಜೋಳದ ಕಾಳಿನ ಹಾಗೆ ಉದ್ದುದುಂಡಗೆ, ಒಂದೇ ಅಳತೆಗೆ, ಮಿಣಮಿಣ ಅಂತ ನಡುಗ್ತಾ ಇರೋದನ್ನ ನೋಡು."

ಈಗ ನನಗೆ ಗುಳ್ಳೆ ಬಿಟ್ಟು ಕೋಶ ನೋಡಲು ಬರುತ್ತಿತ್ತು. ಕಾದೆ. ಕಂಡವು. ನೂರಾರು, ಒಂದರ ಹಾಗೆ ಒಂದು, ತಣ್ಣಗೆ ಹೊಳೆಯುತ್ತಾ, ನಿಂತಲ್ಲೇ ನಡುಗುತ್ತಾ. ಒಂದೊಂದೂ ಒಂದು ಮಿಲಿಮೀಟರಿನ ಸಾವಿರದಲ್ಲಿ ಮೂರು ನಾಲ್ಕು ಪಾಲಿನಷ್ಟು ಉದ್ದ.

"ಇದು ಹೇಗೆ ಬರುತ್ತೆ?" ಎಂದು ಕೇಳಿದ್ದು ಅಮ್ಮ. ಅವಳಾಗಿಯೇ ಬಾಯಿಬಿಟ್ಟದ್ದು ಆ ಹದಿನೈದು ದಿನದಲ್ಲಿ ಅದೇ ಮೊದಲು. ತಾಯಿ ಚಿಟ್ಟೆಗೆ ರೋಗವಿದ್ದರೆ ಮೊಟ್ಟೆಯೊಳಗೇ ಬರುತ್ತದೆ, ಆಮೇಲೆ ಹಿಕ್ಕೆ ತಾಗಿದ ಸೊಪ್ಪಿನಿಂದ ಒಂದು ಹುಳುವಿನಿಂದ ಇನ್ನೊಂದಕ್ಕೆ ಹರಡುತ್ತದೆ ಎಂದು ಅಕ್ಕ ಹೇಳಿದಳು. ಆ ಸಲ ನಾವು ಮೊಟ್ಟೆ ತಂದದ್ದು ಅಗ್ಗಕ್ಕೆ ಸಿಗುತ್ತದೆಂದು ಒಬ್ಬ ವ್ಯಾಪಾರಿಯ ಹತ್ತಿರ. ಅವನ ಮೊಟ್ಟೆಯ ಹಿಂದೆ ಯಾರೂ ಚಿಟ್ಟೆ ಅರೆದು ನೋಡಿದ್ದಿಲ್ಲ. ಅಮ್ಮ ಮೈಕ್ರೋಸ್ಕೋಪಿನ ಮೇಲೆ ಬಗ್ಗಿ, ಒಂದು ಕಣ್ಣನ್ನು ಸೆರಗಿನಿಂದ ಮುಚ್ಚಿಕೊಂಡು, ಬಹಳ ಹೊತ್ತು ನೋಡಿದಳು. ಕಂಡಿತೋ ಇಲ್ಲವೋ ನಾನು ಕೇಳಲಿಲ್ಲ. ಎದ್ದಾಗ ಕಣ್ಣು ಒದ್ದೆಯಾಗಿತ್ತು.

ವಾಪಸು ಬರುವ ಬಸ್ಸಿನಲ್ಲಿ ಮೇಷ್ಟ್ರು ವಿಜ್ಞಾನಿ ಲೂಯಿ ಪಾಶ್ಚರನ ಕಥೆ ಹೇಳಿದರು. ಫ್ರಾನ್ಸಿನ ದಕ್ಷಿಣದಲ್ಲಿ ಇದೇ ರೋಗ ರೇಷ್ಮೆಯನ್ನು ಹಾಳುಗೆಡವಿದಾಗ, 1865ರಲ್ಲಿ ಅವನನ್ನು ಅಲ್ಲಿಗೆ ಕಳಿಸಿದರು. ರೇಷ್ಮೆ ಹುಳು ಅವನಿಗೆ ಏನೇನೂ ಗೊತ್ತಿರಲಿಲ್ಲ. ಕೀಟಗಳನ್ನು ಬಲ್ಲ ಫಾಬ್ರೆಯ ಮನೆಗೆ ಹೋಗಿ, ಗೂಡನ್ನು ಕಿವಿಯ ಹತ್ತಿರ ಅಲ್ಲಾಡಿಸಿ, ಒಳಗೆ ಏನೋ ಇದೆಯಲ್ಲ ಎಂದು ಬೆರಗಾದನಂತೆ. ಫಾಬ್ರೆಯೇ ಅದನ್ನು ಬರೆದಿದ್ದಾನೆ. ನಮ್ಮೂರಿನಲ್ಲಿ ಮೂರು ವರ್ಷದ ಮಗುವಿಗೆ ಗೊತ್ತಿರುವ ಸಂಗತಿ! ಆದರೂ ಪ್ರತಿ ತಾಯಿ ಚಿಟ್ಟೆಯನ್ನೂ ಬೇರೆ ಬೇರೆ ಮೊಟ್ಟೆಯಿಡಿಸಿ, ಆಮೇಲೆ ಅರೆದು ನೋಡುವ ವಿಧಾನ ಅವನದೇ. ಆ ವರ್ಷಗಳಲ್ಲೇ ಅವನ ತಂದೆ ಹೋದರು, ಇಬ್ಬರು ಹೆಣ್ಣುಮಕ್ಕಳು ಹೋದರು, 1868ರಲ್ಲಿ ಪಾರ್ಶ್ವವಾಯು ಬಡಿದು ಎಡಗಡೆ ಬಿದ್ದುಹೋಯಿತು, ಕೆಲಸ ಬಿಡಲಿಲ್ಲ. ರೈತರಿಗೆ ಮೈಕ್ರೋಸ್ಕೋಪು ಹಿಡಿಯಲು ಬರುತ್ತದೆಯೇ ಎಂದು ಜನ ಆಕ್ಷೇಪಿಸಿದಾಗ, ನನ್ನ ಪ್ರಯೋಗಾಲಯದಲ್ಲಿ ಎಂಟು ವರ್ಷದ ಒಂದು ಹುಡುಗಿ ಕಷ್ಟವಿಲ್ಲದೆ ಕಲಿತಿದ್ದಾಳೆ ಎಂಬರ್ಥದ ಉತ್ತರ ಕೊಟ್ಟನಂತೆ. ಆ ಹುಡುಗಿ ಯಾರು, ಅವಳಿಗೆ ಮೊದಲು ಕಂಡದ್ದೇನು ಎಂದು ನಾನು ಎಷ್ಟೋ ಸಲ ಯೋಚಿಸಿದ್ದೇನೆ. ಅವಳದ್ದೂ ರೆಪ್ಪೆಕೂದಲೇ ಇರಬೇಕು.

ಅಜ್ಜಿ ಅಮ್ಮನ ಮುಂದೆ ತಪ್ಪಾಯಿತು ಎಂದು ಹೇಳಲಿಲ್ಲ. ಅವಳ ಮಡಿಯನ್ನು ನಾನು ಪೂರ್ತಿ ತಳ್ಳಿಹಾಕುವುದೂ ಇಲ್ಲ. ಕೈಕಾಲು ತೊಳೆಯದೆ ಹುಳು ಮನೆಗೆ ಯಾರನ್ನೂ ಬಿಡದ ಅವಳ ಹಠ ಸರಿಯೇ ಇತ್ತು, ಫಾರ್ಮಲಿನ್ ಹೊಡೆದು ಮನೆ ತೊಳೆಯುವುದರ ಜೊತೆಗೆ ಅದೂ ಬೇಕು. ಆದರೆ ಅಮ್ಮನ ಮೇಲೆ ಹೊರಿಸಿದ್ದು ಅನ್ಯಾಯ, ಅದನ್ನು ಮಡಿಯ ಹೆಸರಿನಲ್ಲಿ ಮುಚ್ಚಬಾರದು. ಮುಂದಿನ ಬೆಳೆಗೆ ಅಪ್ಪ ಮೊಟ್ಟೆ ತಂದ ದಿನ ಅಜ್ಜಿ ಜಗಲಿಯ ಮೇಲೆ ಕೂತು ಕೇಳಿದಳು: "ಚಿಟ್ಟೆ ಅರೆದು ನೋಡಿದಾರಾ?" ಅಲ್ಲಿಂದ ಅವಳು ಇರುವ ತನಕ ಪ್ರತಿ ಬೆಳೆಗೂ ಅದನ್ನು ಕೇಳುತ್ತಿದ್ದಳು.

ಈಗ ನಾನೂ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳುತ್ತೇನೆ. ಮಕ್ಕಳು ಐಪೀಸಿಗೆ ಮೊಬೈಲ್ ಆನಿಸಿ ಫೋಟೋ ತೆಗೆಯುತ್ತಾರೆ, ಚೆನ್ನಾಗಿಯೇ ಬರುತ್ತದೆ. ಬೇಡ ಅನ್ನುವುದಿಲ್ಲ. ಆದರೆ ಮೊದಲು ಚಿತ್ರ ಬರೆದು, ಆಮೇಲೆ ಫೋಟೋ. ಫೋಟೋ ತೆಗೆಯಲು ಒಂದು ಕ್ಷಣ ಸಾಕು, ಬರೆಯುವಾಗ ಹತ್ತು ನಿಮಿಷ ನೋಡಲೇಬೇಕಾಗುತ್ತದೆ, ಗುಳ್ಳೆ ಗುಳ್ಳೆಯೆಂದು ಗೊತ್ತಾಗುವುದು ಆ ಹತ್ತು ನಿಮಿಷದಲ್ಲಿ. ಮೈಕ್ರೋಸ್ಕೋಪಿನ ಬೀರುವಿಗೆ ಬೀಗವಿದೆ, ಅದರ ಕೀಲಿ ತರಗತಿಯ ಗೋಡೆಯ ಮೊಳೆಯಲ್ಲಿ ನೇತಾಡುತ್ತದೆ. ಈ ವರ್ಷ ಮೂರು ಗಾಜು ಒಡೆದಿವೆ.

ಕಳೆದ ವಾರ ಎಂಟನೇ ತರಗತಿಯ ಒಂದು ಹುಡುಗಿ ಈರುಳ್ಳಿಯ ಚಿತ್ರ ತಂದು ತೋರಿಸಿದಳು. ವೃತ್ತದೊಳಗೆ ಐದೇ ಕೋಶ, ಅದರಲ್ಲಿ ಎರಡರ ಬೀಜ ಅವಳಿಗೆ ಕಂಡಿಲ್ಲ, ಬರೆದಿಲ್ಲ. ಒಂದು ಮೂಲೆಯಲ್ಲಿ ದಪ್ಪ ಅಂಚಿನ ದುಂಡು, ಪಕ್ಕದಲ್ಲಿ 'ಗಾಳಿ'. ಕೆಳಗಿನಿಂದ ಮೇಲಕ್ಕೆ ಬಾಗಿದ ಒಂದು ಗೆರೆ, ಅದಕ್ಕೂ ಬಾಣ ಹಾಕಿ ಹೆಸರು ಬರೆದಿದ್ದಾಳೆ: 'ರೆಪ್ಪೆಕೂದಲು, ನನ್ನದು'.